ನೂರು ಕಡ್ಡಿಗಳ ಸಂಖ್ಯಾಮಣೆ: ಮರಗೆಲಸ ಅಚ್ಚುಕಟ್ಟು, ಕೈಪಿಡಿ ಅರೆಬೆಂದದ್ದು

ಐದನೇ ತರಗತಿಯ ಮಗಳಿಗೆ ಅಪವರ್ತನ (ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆ), ಅಪವರ್ತ್ಯಗಳ (ಒಂದು ಸಂಖ್ಯೆಯ ಮಗ್ಗಿಯಲ್ಲಿ ಬರುವ ಸಂಖ್ಯೆಗಳು) ಪಾಠ ಆರಂಭವಾದ ವಾರವೇ ಚನ್ನಪಟ್ಟಣದ ಅಂಗಡಿಯೊಂದರಲ್ಲಿ ಈ ಮಣೆ ಕಣ್ಣಿಗೆ ಬಿದ್ದಿತು. ಬೆಲೆ 850 ರೂಪಾಯಿ. ಸಾಲಿಗೆ ಹತ್ತರಂತೆ ಹತ್ತು ಸಾಲುಗಳಲ್ಲಿ 1ರಿಂದ 100ರವರೆಗಿನ ಸಂಖ್ಯೆಗಳಿದ್ದು, ಪ್ರತಿಯೊಂದರ ಮೇಲೂ ಒಂದು ಕಡ್ಡಿ ನಿಂತಿದೆ. ಅದಕ್ಕೆ ತೊಡಿಸಲು ಕೆಂಪು, ಹಳದಿ, ಹಸಿರು ಮತ್ತು ನೀಲಿ ಬಳೆಗಳು ತಲಾ 25 ಇವೆ. ಜೊತೆಗೊಂದು ಕನ್ನಡ ಕೈಪಿಡಿ. ಎರಡು ತಿಂಗಳು ಬಳಸಿದ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಮರಗೆಲಸದ ಬಗ್ಗೆ ದೂರಿಲ್ಲ. ಆಲೆಮರದ ಬಳೆಗಳು ಹಗುರವಾಗಿವೆ, ಅರಗಿನ ಬಣ್ಣ ಬೆವರಿದ ಕೈಗೂ ಹತ್ತುವುದಿಲ್ಲ.

ಕ್ರಮ ಸರಳವಾದದ್ದು. 2ರ ಅಪವರ್ತ್ಯಗಳಿಗೆಲ್ಲ ಕೆಂಪು, 3ರವಕ್ಕೆ ಹಳದಿ, 5ರವಕ್ಕೆ ಹಸಿರು, 7ರವಕ್ಕೆ ನೀಲಿ ಬಳೆ ತೊಡಿಸುತ್ತಾ ಹೋದರೆ ಕೆಂಪು ಬಳೆಗಳು ಕಂಬಸಾಲಿನಂತೆ ನೇರವಾಗಿ ಇಳಿಯುತ್ತವೆ, ಹಳದಿಯವು ಓರೆಯಾಗಿ ಸಾಗುತ್ತವೆ, ನೀಲಿಯವು ಒಂದೊಂದು ಸಾಲು ಇಳಿದಂತೆ ಮೂರು ಮೂರು ಮನೆ ಹಿಂದೆ ಸರಿಯುತ್ತವೆ; ಮಗ್ಗಿಯನ್ನು ಬಾಯಿಪಾಠ ಮಾಡಿದ ಮಗುವಿಗೆ ಅದೇ ಮಗ್ಗಿ ಇಲ್ಲಿ ಕಣ್ಣಿಗೆ ಕಾಣುವ ಆಕಾರವಾಗಿ ಎದುರು ನಿಲ್ಲುತ್ತದೆ. ಮೂರು ಬಳೆ ತೊಟ್ಟವು ಆರೇ ಸಂಖ್ಯೆಗಳು: 30, 42, 60, 70, 84 ಮತ್ತು 90. ನಾಲ್ಕೂ ಬಣ್ಣ ಬೇಕೆಂದರೆ 210ರವರೆಗೆ ಹೋಗಬೇಕಾದ್ದರಿಂದ ಕಡ್ಡಿಯ ಎತ್ತರವನ್ನು ಮೂರು ಬಳೆಗಳಿಗೆ ಸರಿಯಾಗಿ ನಿಲ್ಲಿಸಿದ್ದಾರೆ. ಇದು ಯೋಚಿಸಿ ಮಾಡಿದ್ದೋ ಆಕಸ್ಮಿಕವೋ, ಮೆಚ್ಚುವಂಥದ್ದೇ.

ಬಳೆಗಳ ಲೆಕ್ಕದಲ್ಲಿ ಮಾತ್ರ ಆ ಯೋಚನೆ ಕಾಣುವುದಿಲ್ಲ. ನೂರರೊಳಗೆ 2ರ ಅಪವರ್ತ್ಯಗಳು 50, 3ರವು 33, 5ರವು 20, 7ರವು 14. ಎಲ್ಲ ಬಣ್ಣವನ್ನೂ 25ರಂತೆ ಕೊಟ್ಟಿರುವುದರಿಂದ ಕೆಂಪು ಬಳೆಗಳು 50ಕ್ಕೇ ಮುಗಿದುಹೋಗುತ್ತವೆ, ಹಳದಿಯವು ಎಂಟು ಸಾಲುವುದಿಲ್ಲ, ನೀಲಿಯವು ಹನ್ನೊಂದು ಡಬ್ಬಿಯಲ್ಲೇ ಉಳಿಯುತ್ತವೆ. ಅಪವರ್ತ್ಯಗಳನ್ನು ಕಲಿಸುವ ಸಾಮಗ್ರಿಯನ್ನು ತಯಾರಿಸಿದವರು ಅಪವರ್ತ್ಯಗಳನ್ನೇ ಎಣಿಸದಿರುವುದು ಸೋಜಿಗ.

ಕೈಪಿಡಿಯ ದೋಷಗಳು ಇನ್ನೂ ಗಂಭೀರವಾದವು. 36ನ್ನು ಶೇಷವಿಲ್ಲದೆ ಭಾಗಿಸುವ 1, 2, 3, 4, 6, 9, 12, 18, 36 ಎಂಬ ಒಂಬತ್ತು ಸಂಖ್ಯೆಗಳನ್ನು ಸರಿಯಾಗಿಯೇ ಕೊಟ್ಟು, ಮೇಲೆ ‘36ರ ಅಪವರ್ತ್ಯಗಳು’ ಎಂದು ಅಚ್ಚು ಮಾಡಿದ್ದಾರೆ. ಅಪವರ್ತನ, ಅಪವರ್ತ್ಯ ಎಂಬ ಪದಗಳು ಮೊದಲೇ ಅವಳಿಗಳಂತೆ ಇದ್ದು ದೊಡ್ಡವರನ್ನೂ ತಡವರಿಸುವಂತೆ ಮಾಡುತ್ತವೆ. ಅಲ್ಲಿಯೇ ಅದಲುಬದಲಾದರೆ ಮಗು ಯಾವುದನ್ನು ನಂಬಬೇಕು? ನೂರರೊಳಗಿನ ಅವಿಭಾಜ್ಯ ಸಂಖ್ಯೆಗಳ (1 ಮತ್ತು ತಮ್ಮಿಂದ ಮಾತ್ರ ಶೇಷವಿಲ್ಲದೆ ಭಾಗವಾಗುವ, 1ಕ್ಕಿಂತ ದೊಡ್ಡ ಸಂಖ್ಯೆಗಳ) ಪಟ್ಟಿಯಲ್ಲಿ 25ರ ಬದಲು 26 ಸಂಖ್ಯೆಗಳಿದ್ದು, 91 ಅದರೊಳಗೆ ನುಸುಳಿದೆ. ಇದನ್ನು ಹಿಡಿದದ್ದು ನಾನಲ್ಲ. ಕೊನೆಯ ಸಾಲಿನ ಮೊದಲ ಕಡ್ಡಿಯಲ್ಲಿದ್ದ ಒಂಟಿ ನೀಲಿ ಬಳೆಯನ್ನು ತಿರುಗಿಸುತ್ತಾ, “ಅಪ್ಪಾ, ಇದು ಏಳು ಹದಿಮೂರಲ ಅಲ್ವಾ? ಪುಸ್ತಕದಲ್ಲಿ ಯಾಕೆ ಹೀಗಿದೆ?” ಎಂದು ಕೇಳಿದವಳು ಮಗಳು.

ಒಂದು ಸಂಖ್ಯೆ ಅವಿಭಾಜ್ಯವೇ ಎಂದು ತಿಳಿಯಲು ಅದಕ್ಕಿಂತ ಚಿಕ್ಕ ಸಂಖ್ಯೆಗಳಿಂದೆಲ್ಲ ಭಾಗಿಸಿ ನೋಡಬೇಕೆನ್ನುತ್ತದೆ ಕೈಪಿಡಿ. ತಪ್ಪಲ್ಲ, ಆದರೆ ವ್ಯರ್ಥ ಶ್ರಮ. ನೂರರೊಳಗಿನ ಅವಿಭಾಜ್ಯಗಳನ್ನು ಬೇರ್ಪಡಿಸಲು ನಾಲ್ಕೇ ಬಣ್ಣ ಏಕೆ ಸಾಕು ಎಂಬುದನ್ನು ವಿವರಿಸಿದ್ದರೆ ಉತ್ತರ ಅಲ್ಲಿಯೇ ಸಿಗುತ್ತಿತ್ತು: ಸಂಖ್ಯೆಯೊಂದು ಬೇರೆರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಅವೆರಡರಲ್ಲಿ ಒಂದಾದರೂ ಅದರ ವರ್ಗಮೂಲವನ್ನು ಮೀರಿರುವುದಿಲ್ಲ, 7ರ ನಂತರದ ಅವಿಭಾಜ್ಯವಾದ 11ರ ವರ್ಗ 121 ಆದ್ದರಿಂದ ನೂರರೊಳಗೆ ಅದರ ಅಗತ್ಯ ಬೀಳುವುದಿಲ್ಲ. ಇದನ್ನು ಮಣೆಯ ಮುಂದೆ ಕುಳಿತು ಹೇಳಿಕೊಟ್ಟ ಮೇಲೆ ಮಗಳು 221ನ್ನು ಕಾಗದದ ಮೇಲೆ ಪರೀಕ್ಷಿಸಿ, 13ಕ್ಕೆ ಬಂದಾಗ 17 ಸಿಕ್ಕಿತೆಂದು ತೋರಿಸಿದಳು.

ಹತ್ತರ ಬದಲು ಆರು ಕಂಬಸಾಲುಗಳ ಮಣೆಯನ್ನೂ ಇವರು ಮಾಡಿದರೆ ಖಂಡಿತ ಕೊಳ್ಳುತ್ತೇನೆ. ಅದರಲ್ಲಿ 3ರ ನಂತರದ ಅವಿಭಾಜ್ಯಗಳೆಲ್ಲ ಒಂದನೆಯ ಮತ್ತು ಐದನೆಯ ಕಂಬಸಾಲಿನಲ್ಲೇ ಬಂದು ನಿಲ್ಲುತ್ತವೆ. ಸದ್ಯಕ್ಕೆ ಈ ಮಣೆಯನ್ನು ಕೊಳ್ಳುವವರು ಕೈಪಿಡಿಯನ್ನು ಮೊದಲು ತಾವೇ ತಿದ್ದಿಕೊಂಡು ಮಕ್ಕಳಿಗೆ ಕೊಡುವುದು ಒಳಿತು. 52ರಿಂದ ಮುಂದಿನ ಸಮಸಂಖ್ಯೆಗಳ ಕಡ್ಡಿಗಳಿಗೆ ನಾವು ಕೆಂಪು ಉಲ್ಲನ್ ದಾರ ಸುತ್ತಿದ್ದೇವೆ.