ಶಿರಸಿಯಲ್ಲಿ ತಕ್ಕಡಿ ಕೊಳ್ಳೋದು: 0.01 ಗ್ರಾಂನದ್ದೋ, 1 ಗ್ರಾಂನದ್ದೋ?

ಏಲಕ್ಕಿ, ಕಾಳುಮೆಣಸು ತೂಗಲು ಮನೆಗೊಂದು ಡಿಜಿಟಲ್ ತಕ್ಕಡಿ ಬೇಕಿತ್ತು. ಅಂಗಡಿಯಲ್ಲಿ ಎರಡು ನೋಡಿದೆ. ಒಂದು 0.01 ಗ್ರಾಂವರೆಗೆ ತೋರಿಸುತ್ತದೆ, ಇನ್ನೊಂದು ಬರೀ 1 ಗ್ರಾಂ. ಮೊದಲನೆಯದೇ ವಾಸಿ ಅನ್ನಿಸುತ್ತೆ, ಅಲ್ವಾ?

ಸೀಲ್ ಇರುವ 200 ಗ್ರಾಂ ಬಟ್ಟನ್ನು ಎರಡರ ಮೇಲೂ ಮತ್ತೆ ಮತ್ತೆ ಇಟ್ಟೆ. ಮೊದಲನೆಯದು 203.41, 203.42, 203.41. ಎರಡನೆಯದು 200, 199, 201. ಮೊದಲನೆಯದಕ್ಕೆ ಪ್ರಿಸಿಷನ್ ಇದೆ, ಅಂದರೆ ಪ್ರತಿ ಸಲ ಒಂದೇ ಮಾತು, ಆದರೆ ಆ ಮಾತೇ ಸುಳ್ಳು. ಎರಡನೆಯದು ಸ್ವಲ್ಪ ತೊದಲಿದರೂ ನಿಜದ ಹತ್ತಿರವೇ ಇದೆ, ಅದು ಅಕ್ಯುರಸಿ. ನಾವು ಎರಡಕ್ಕೂ ಸುಮ್ನೆ ‘ನಿಖರ’ ಅಂದುಬಿಡುತ್ತೇವೆ, ಗೊಂದಲ ಶುರುವಾಗೋದೇ ಅಲ್ಲಿ.

203.41ರಲ್ಲಿ ಐದು ಅಂಕಿ ಇವೆ. ಮೂರನೆಯದೇ ತಪ್ಪಿದ ಮೇಲೆ ಕೊನೆಯ ಎರಡು ಬರೀ ಅಲಂಕಾರ.

ಆದರೂ ಮೊದಲನೆಯದನ್ನು ಪೂರ್ತಿ ತಳ್ಳಿಹಾಕಬೇಡಿ. ಅದರಲ್ಲಿ ಕ್ಯಾಲಿಬ್ರೇಷನ್ ಬಟನ್ (ಗೊತ್ತಿರುವ ತೂಕ ಇಟ್ಟು ತಕ್ಕಡಿಯನ್ನು ಅದಕ್ಕೆ ಹೊಂದಿಸೋ ಬಟನ್) ಇದ್ದು, ನಿಮ್ಮ ಹತ್ತಿರ ನಂಬುವಂಥ ಬಟ್ಟು ಇದ್ದರೆ ಸರಿಮಾಡಿಕೊಳ್ಳಬಹುದು. ಒಂದೇ ಥರ ತಪ್ಪುವುದನ್ನು ತಿದ್ದೋದು ಸುಲಭ. ನಾನು ನೋಡಿದ್ದರಲ್ಲಿ ಬಟನ್ ಇರಲಿಲ್ಲ, ಅದಕ್ಕೇ 1 ಗ್ರಾಂನದ್ದು ತಂದೆ.

ಇನ್ನೊಂದು ಮಾತು: 5.2 ಕಿಲೋ ಹಸಿ ಕಾಳುಮೆಣಸು ಒಣಗಿ 1.7 ಕಿಲೋ ಆದರೆ ಮೊಬೈಲು 32.6923 ಶೇಕಡಾ ಅನ್ನುತ್ತದೆ. ತೂಗಿದ್ದು ಎರಡೆರಡು ಸಾರ್ಥಕ ಅಂಕಿಗೆ, ಅಂದರೆ ಅಳತೆಯಿಂದ ನಿಜಕ್ಕೂ ಸಿಕ್ಕ ಅಂಕಿಗೆ ಮಾತ್ರ ತಾನೇ? 33 ಅಂತ ಬರೆಯಿರಿ, ಸಾಕು.