ಸೂಕ್ಷ್ಮ ಚರ್ಮಕ್ಕೆ ದುಬಾರಿ ಕ್ರೀಮೋ, ಸಾದಾ ಕ್ರೀಮೋ?

ಏನು ಹಚ್ಚಿದರೂ ಉರಿಯುತ್ತೆ, ಜಾಸ್ತಿ ದುಡ್ಡು ಕೊಟ್ಟರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಮೊದಲು ಬೆಲೆ ಬಿಡಿ, ಡಬ್ಬಿ ತಿರುಗಿಸಿ ಹಿಂದೆ ಏನಿದೆ ಓದಿ.

ಉರಿ ಬೇಡ ಅನ್ನುವವರಿಗೆ ಎಷ್ಟೋ ಸಲ ಸಾದಾ ಕ್ರೀಮೇ ವಾಸಿ. ದುಬಾರಿಯವುಗಳಲ್ಲಿ ಘಮಘಮ ಅನ್ನಲಿ ಅಂತ ಸುಗಂಧ, ಹೂವಿನ ಎಣ್ಣೆ, ಗಿಡಮೂಲಿಕೆ ರಸ ಅಂತ ಏನೇನೋ ಸೇರಿರುತ್ತೆ, ಚರ್ಮದ ಅಲರ್ಜಿಗೆ ಈ ಸುಗಂಧವೇ ಒಂದು ದೊಡ್ಡ ಕಾರಣ. ನಾನೂ ಒಮ್ಮೆ ಚೆಂದದ ಗಾಜಿನ ಡಬ್ಬಿಗೆ ಮರುಳಾಗಿ ತಗೊಂಡೆ. ಮೂರನೇ ದಿನಕ್ಕೆ ಕೆನ್ನೆ ಕೆಂಪಗೆ. ಕೊನೆಗೆ ಅದು ಹಿಮ್ಮಡಿಗೆ ಹೋಯ್ತು! 'ಅನ್‌ಸೆಂಟೆಡ್' (ವಾಸನೆ ಇಲ್ಲದ್ದು) ಅಂತಿದ್ದರೂ ನಂಬಬೇಡಿ, ವಾಸನೆ ಮುಚ್ಚೋಕೆ ಬೇರೆ ಸುಗಂಧ ಹಾಕಿರಬಹುದು. 'ಫ್ರ್ಯಾಗ್ರೆನ್ಸ್ ಫ್ರೀ' (ಸುಗಂಧ ಸೇರಿಸದ್ದು) ಅಂತಿರೋದನ್ನ ಹುಡುಕಿ.

ತೇವ ಉಳಿಸೋದರಲ್ಲಿ ಅಗ್ಗದ ಪೆಟ್ರೋಲಿಯಂ ಜೆಲ್ಲಿಯನ್ನ ಮೀರಿಸೋದು ಕಷ್ಟ. ಆದರೆ ಜಿಡ್ಡು, ಹಗಲು ಹಚ್ಚಿಕೊಂಡು ಓಡಾಡೋಕಾಗಲ್ಲ ಅಲ್ವಾ? ಹಗಲಿಗೆ ಸೆರಮೈಡ್ (ಚರ್ಮದಲ್ಲೇ ಇರೋ, ತೇವ ಹಿಡಿದಿಡೋ ಕೊಬ್ಬಿನಂಶ), ಗ್ಲಿಸರಿನ್ ಇರೋ ಮಧ್ಯಮ ಬೆಲೆಯದು ಸಾಕು.

ಫೇಸ್‌ವಾಶ್ ಅರ್ಧ ನಿಮಿಷದಲ್ಲಿ ತೊಳೆದುಹೋಗುತ್ತೆ, ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ.

ಸನ್‌ಸ್ಕ್ರೀನ್ ವಿಷಯ ಬೇರೆ. ಸೂಕ್ಷ್ಮ ಚರ್ಮಕ್ಕೆ ಜಿಂಕ್ ಆಕ್ಸೈಡ್ (ಬಿಸಿಲು ತಡೆಯೋ ಬಿಳಿ ಪುಡಿ) ಇರೋದು ಒಗ್ಗುತ್ತೆ, ಆದರೆ ಮುಖಕ್ಕೆ ಸುಣ್ಣ ಬಳಿದಂತೆ ಬೆಳ್ಳಗೆ ಕಂಡರೆ ದಿನಾ ಯಾರು ಹಚ್ಚುತ್ತಾರೆ? ಬೆಳ್ಳಗಾಗದ್ದು ಸ್ವಲ್ಪ ದುಬಾರಿಯಾದರೂ ಕೊಡಬಹುದು.

ಯಾವುದೇ ಆಗಲಿ, ಮೊದಲು ಚಿಕ್ಕ ಟ್ಯೂಬ್ ತಗೊಳ್ಳಿ. ಮೊಣಕೈ ಒಳಭಾಗಕ್ಕೆ ದಿನಕ್ಕೆರಡು ಸಲ, 7ರಿಂದ 10 ದಿನ ಹಚ್ಚಿ ನೋಡಿ. ಏನೂ ಹಚ್ಚದೆಯೂ ಉರಿ, ಕೆಂಪು ಇದ್ದರೆ ಆ ದುಡ್ಡನ್ನ ಚರ್ಮದ ಡಾಕ್ಟರಿಗೆ ಕೊಡಿ.