ಏರ್ ಕೂಲರ್ರೋ ಲಿಕ್ವಿಡ್ ಕೂಲರ್ರೋ: ಒಂದೇ ಪ್ರೊಸೆಸರ್ ಮೇಲೆ ಎರಡನ್ನೂ ಓಡಿಸಿ ನೋಡಿದ್ದು

ಹೊಸ ಡೆಸ್ಕ್‌ಟಾಪ್ ಕಟ್ಟುವವರು ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಆರಿಸಲು ವಾರಗಟ್ಟಲೆ ಓದುತ್ತಾರೆ. ಕೂಲರ್ ವಿಷಯ ಬಂದಾಗ ಮಾತ್ರ "ಲಿಕ್ವಿಡ್ ಹಾಕಿಬಿಡಿ, ತಣ್ಣಗಿರುತ್ತೆ" ಅಂತ ಮುಗಿಸಿಬಿಡುತ್ತಾರೆ. ನಾನು ಎಎಂಡಿಯ ರೈಜೆನ್ 9 7950ಎಕ್ಸ್ ಪ್ರೊಸೆಸರ್ ಮೇಲೆ ಎರಡನ್ನೂ ಬಳಸಿದ್ದೇನೆ. ಮೊದಲು ನಾಕ್ಟುವಾ ಕಂಪನಿಯ ಎನ್‌ಎಚ್-ಡಿ15 ಏರ್ ಕೂಲರ್, ಆಮೇಲೆ 360 ಮಿ.ಮೀ. ರೇಡಿಯೇಟರ್ (ಬಿಸಿ ನೀರನ್ನು ಫ್ಯಾನುಗಳಿಂದ ತಣಿಸುವ ಭಾಗ) ಇರುವ ಆಲ್-ಇನ್-ಒನ್, ಅಂದರೆ ಪಂಪು, ಕೊಳವೆ, ನೀರು ಎಲ್ಲ ಸೇರಿಸಿಯೇ ಬರುವ ಲಿಕ್ವಿಡ್ ಕೂಲರ್. ಕ್ಯಾಬಿನೆಟ್ ಅದೇ, ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಅದೇ, ಕೆಲಸವೂ ಅದೇ: ವಿಡಿಯೊ ಎಕ್ಸ್‌ಪೋರ್ಟ್, ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರಿನಲ್ಲಿ ರೆಂಡರ್ (ಚಿತ್ರ ತಯಾರಿಸುವುದು), ಉಳಿದ ಹೊತ್ತು ಬ್ರೌಸರ್. ಕೊನೆಗೆ ಏರ್ ಕೂಲರನ್ನೇ ಮತ್ತೆ ಹಾಕಿಕೊಂಡೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಟೆಂಪರೇಚರ್. ಎಲ್ಲರೂ ನೋಡುವುದು ಇದನ್ನೇ, ಆದರೆ ಈ ಪ್ರೊಸೆಸರಿನಲ್ಲಿ ಇದರಿಂದ ಗೊತ್ತಾಗುವುದು ತುಂಬ ಕಡಿಮೆ. 7950ಎಕ್ಸ್ ಪೂರ್ತಿ ಲೋಡಿನಲ್ಲಿ 230 ವ್ಯಾಟ್‌ವರೆಗೆ ಎಳೆಯಬಲ್ಲದು. 95 ಡಿಗ್ರಿ ಮುಟ್ಟುವ ತನಕ ವೇಗ ಏರಿಸುತ್ತಾ ಹೋಗುವಂತೆ ಎಎಂಡಿ ಅದನ್ನು ಮಾಡಿದೆ. ಹಾಗಾಗಿ 16 ಕೋರ್‌ಗಳೂ ದುಡಿಯುವಾಗ ಎರಡೂ ಕೂಲರ್‌ಗಳಲ್ಲಿ ಅದು 95ರ ಆಸುಪಾಸಿಗೇ ಬಂದು ನಿಂತಿತು. ವ್ಯತ್ಯಾಸ ಕಂಡದ್ದು ವೇಗದಲ್ಲಿ. ಲಿಕ್ವಿಡ್ ಕೂಲರ್ ಇದ್ದಾಗ ಕೋರ್‌ಗಳ ವೇಗ ಸ್ವಲ್ಪ ಮೇಲಿತ್ತು. ಆದರೆ ರೆಂಡರ್ ಮುಗಿಯುವ ಸಮಯದಲ್ಲಿ ಅದು ಗಡಿಯಾರ ಹಿಡಿದು ನೋಡಿದರೆ ಮಾತ್ರ ಗೊತ್ತಾಗುವಷ್ಟು.

ಇದಕ್ಕೆ ಕಾರಣ ಕೂಲರಿನಲ್ಲಿಲ್ಲ, ಪ್ರೊಸೆಸರಿನಲ್ಲೇ ಇದೆ. ಅಷ್ಟೂ ಬಿಸಿ ಹುಟ್ಟುವುದು ಉಗುರಿನಷ್ಟು ಚಿಕ್ಕ ಎರಡು ಚಿಪ್‌ಗಳಲ್ಲಿ. ಅವು ನಟ್ಟ ನಡುವೆ ಇಲ್ಲ, ಒಂದು ಅಂಚಿನ ಕಡೆಗಿವೆ. ಹಳೆಯ ಎಎಂ4 ಸಾಕೆಟ್ಟಿನ (ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಕೂಲರ್‌ಗಳು ಹೊಸ ಎಎಂ5 ಸಾಕೆಟ್ಟಿಗೂ ಹೊಂದಲಿ ಅಂತ ಮೇಲಿನ ಲೋಹದ ಮುಚ್ಚಳವನ್ನು ದಪ್ಪ ಇಟ್ಟಿದ್ದಾರೆ. ಬಿಸಿ ಆ ಮುಚ್ಚಳ ದಾಟಿ ಹೊರಗೆ ಬರುವುದೇ ಕಷ್ಟ. ದಾಟಿದ ಮೇಲೆ ತಾಮ್ರದ ಪೈಪಾದರೇನು, ನೀರಾದರೇನು? ನಾಕ್ಟುವಾದವರು ಕೂಲರನ್ನು ಆ ಅಂಚಿನ ಕಡೆಗೆ ಸ್ವಲ್ಪ ಸರಿಸಿ ಕೂರಿಸುವ ಪಟ್ಟಿಗಳನ್ನು ಮಾಡಿದ್ದಾರೆ. ಅದರಿಂದ 1ರಿಂದ 3 ಡಿಗ್ರಿ ಇಳಿಯುತ್ತದೆ ಅಂತ ಅವರೇ ಹೇಳುತ್ತಾರೆ. ಎರಡು ಪಟ್ಟಿಯ ಕೆಲಸಕ್ಕೆ ಇದು ಒಳ್ಳೆಯ ಲಾಭವೇ.

ಅಂದಹಾಗೆ, ಏರ್ ಕೂಲರಿನ ಒಳಗೂ ದ್ರವ ಇರುತ್ತದೆ. ಆ ತಾಮ್ರದ ಪೈಪುಗಳನ್ನು ಗಾಳಿ ತೆಗೆದು, ಒಳಗೆ ಚೂರು ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ನೀರು ಬೇಗ ಆವಿಯಾಗಿ ಮೇಲೆ ಹೋಗುತ್ತದೆ, ತಣ್ಣಗಾಗಿ ಒಳಗೋಡೆಯ ಮೂಲಕ ವಾಪಸ್ ಬರುತ್ತದೆ. ಪಂಪೇ ಬೇಡ. ನನಗೆ ಡೆಸ್ಕ್‌ಟಾಪಿನಲ್ಲಿ ಅತಿ ಇಷ್ಟವಾದ ಭಾಗ ಯಾವುದು ಅಂದರೆ ಇದೇ.

ಲಿಕ್ವಿಡ್ ಕೂಲರ್ ನಿಜಕ್ಕೂ ಗೆದ್ದದ್ದು ಚುಟುಕು ಕೆಲಸಗಳಲ್ಲಿ. ಒಂದು ಫೋಟೊ ತೆರೆದಾಗ, ಪುಟ್ಟ ಪ್ರೋಗ್ರಾಂ ಪ್ರಾಜೆಕ್ಟ್ ಕಂಪೈಲ್ ಮಾಡಿದಾಗ ರೈಜೆನ್ ಒಂದೇ ಏಟಿಗೆ ಬಿಸಿಯೇರಿ ಇಳಿಯುತ್ತದೆ. ನೀರು ನಿಧಾನಕ್ಕೆ ಬಿಸಿಯಾಗುವುದರಿಂದ ಈ ಏರಿಳಿತವನ್ನು ನುಂಗಿಬಿಡುತ್ತದೆ. ಫ್ಯಾನುಗಳಿಗೆ ಸುದ್ದಿಯೇ ಹೋಗುವುದಿಲ್ಲ. ಏರ್ ಕೂಲರಿನಲ್ಲಿ ಮೊದಮೊದಲು ಫ್ಯಾನು ಸುಮ್ಸುಮ್ನೆ ಜೋರಾಗುವುದು, ಇಳಿಯುವುದು ನಡೆದೇ ಇತ್ತು. ಬಯಾಸ್‌ನಲ್ಲಿ (ಮದರ್‌ಬೋರ್ಡಿನದೇ ಸೆಟ್ಟಿಂಗ್ ಪರದೆ) ಫ್ಯಾನ್ ವೇಗ ಬದಲಾಗುವ ಮುಂಚೆ ಕೆಲವು ಸೆಕೆಂಡ್ ಕಾಯುವಂತೆ ಹೇಳಿದ ಮೇಲೆ ಅದು ನಿಂತಿತು. ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಈ ಸೆಟ್ಟಿಂಗ್ ಇರುತ್ತದೆ, ಹುಡುಕಿ ನೋಡಿ.

ಇದೇ ಗುಣದಿಂದ ಇನ್ನೊಂದು ಮೋಸವೂ ಆಗುತ್ತದೆ. ಎರಡು ನಿಮಿಷದ ಟೆಸ್ಟ್ ಓಡಿಸಿದರೆ ಲಿಕ್ವಿಡ್ ಕೂಲರ್ ಭಾರೀ ಚೆನ್ನಾಗಿ ಕಾಣುತ್ತದೆ, ಯಾಕೆಂದರೆ ನೀರಿನ್ನೂ ಬಿಸಿಯೇ ಆಗಿರುವುದಿಲ್ಲ. ಅರ್ಧ ಗಂಟೆ ಓಡಿಸಿ ನೋಡಿ, ಅಂತರ ಕರಗುತ್ತದೆ.

ಸದ್ದಿನ ವಿಷಯಕ್ಕೆ ಜಾಸ್ತಿ ಗಮನ ಕೊಡಿ ಅನ್ನುತ್ತೇನೆ, ಯಾಕೆಂದರೆ ದಿನವೂ ನಿಮ್ಮ ಜೊತೆಗಿರುವುದು ಅದೇ ಅಲ್ವಾ? ಪೂರ್ತಿ ಲೋಡಿನಲ್ಲಿ ಮೂರು ಫ್ಯಾನಿನ ರೇಡಿಯೇಟರ್ ಸ್ವಲ್ಪ ಮೆತ್ತಗಿತ್ತು. ಆದರೆ ಏನೂ ಕೆಲಸವಿಲ್ಲದಾಗ ಪಂಪಿನ ಸಣ್ಣ ಗುಂಯ್‌ಗುಡುವಿಕೆ ನಿಲ್ಲುತ್ತಿರಲಿಲ್ಲ. ರಾತ್ರಿ ಓದುವಾಗ ನನಗೆ ಅದು ಕೇಳಿಸುತ್ತಿತ್ತು. ಡಿ15ರ 140 ಮಿ.ಮೀ. ಫ್ಯಾನುಗಳು ಪೂರ್ತಿ ವೇಗದಲ್ಲೂ ನಿಮಿಷಕ್ಕೆ ಸುಮಾರು 1500 ಸುತ್ತು ಮಾತ್ರ. ಕೆಲಸವಿಲ್ಲದಾಗ ಇವೆಯೋ ಇಲ್ಲವೋ ಅನ್ನಿಸುತ್ತದೆ.

ಬಾಳಿಕೆಯಲ್ಲಿ ನನಗೆ ಅನುಮಾನವೇ ಇಲ್ಲ. ಏರ್ ಕೂಲರಿನಲ್ಲಿ ಕೆಡುವುದು ಫ್ಯಾನು ಮಾತ್ರ. ಒಂದು ನಿಂತರೂ ಇನ್ನೊಂದು ತಿರುಗುತ್ತಿರುತ್ತದೆ, ಹೊಸದು ಹಾಕಿದರೆ ಮುಗಿಯಿತು. ಆಲ್-ಇನ್-ಒನ್‌ನಲ್ಲಿ ಪಂಪ್ ನಿಂತರೆ ಇಡೀ ಕೂಲರೇ ಹೋದಂತೆ. ಸೋರದಿದ್ದರೂ ರಬ್ಬರ್ ಕೊಳವೆಗಳ ಮೂಲಕ ನೀರು ವರ್ಷಗಳಲ್ಲಿ ಚೂರುಚೂರೇ ಆವಿಯಾಗುತ್ತದೆ. ಹಾಗೆ ಸೇರುವ ಗಾಳಿಗುಳ್ಳೆ ಎತ್ತರದ ಜಾಗ ಹುಡುಕುತ್ತದೆ. ಅದು ಪಂಪಿನೊಳಗೆ ಸೇರಬಾರದು, ಆದ್ದರಿಂದ ರೇಡಿಯೇಟರಿನ ಮೇಲ್ತುದಿ ಯಾವಾಗಲೂ ಪಂಪಿಗಿಂತ ಮೇಲಿರಬೇಕು. ಕ್ಯಾಬಿನೆಟ್ಟಿನ ತಳಕ್ಕೆ ರೇಡಿಯೇಟರ್ ಕೂರಿಸಲೇಬೇಡಿ.

ಜೋಡಿಸುವುದರಲ್ಲಿ ಡಿ15 ನಿಮ್ಮ ತಾಳ್ಮೆ ಕೇಳುತ್ತದೆ. ಎತ್ತರ 165 ಮಿ.ಮೀ., ಫ್ಯಾನು ಸೇರಿ ತೂಕ 1.3 ಕಿಲೋ. ಎರಡೂ ಫ್ಯಾನ್ ಇದ್ದರೆ ಕೆಳಗೆ 32 ಮಿ.ಮೀ. ಎತ್ತರದ ರ‍್ಯಾಮ್ ಮಾತ್ರ ಹಿಡಿಯುತ್ತದೆ. ಬಣ್ಣದ ದೀಪದ ಎತ್ತರದ ರ‍್ಯಾಮ್ ಇದ್ದರೆ ಮುಂದಿನ ಫ್ಯಾನನ್ನು ಮೇಲಕ್ಕೆತ್ತಬೇಕು, ಆಗ ಕ್ಯಾಬಿನೆಟ್ ಬಾಗಿಲು ಮುಚ್ಚುತ್ತದೋ ಇಲ್ಲವೋ ಅಳೆದೇ ನೋಡಬೇಕು. ಪ್ರೊಸೆಸರಿನ ಪವರ್ ಕೇಬಲ್ಲನ್ನು ಕೂಲರಿಗಿಂತ ಮೊದಲೇ ಚುಚ್ಚಿಡಿ, ಆಮೇಲೆ ಬೆರಳು ಹೋಗುವುದಿಲ್ಲ. ಲಿಕ್ವಿಡ್ ಕೂಲರಿನಲ್ಲಿ ಸಾಕೆಟ್ ಸುತ್ತ ಜಾಗ ಧಾರಾಳ, ಬದಲಿಗೆ ವೈರುಗಳ ಗೊಂದಲ ಜಾಸ್ತಿ.

ಈ ಎರಡಕ್ಕಿಂತ ದೊಡ್ಡ ಬದಲಾವಣೆ ತಂದದ್ದು ಬಯಾಸ್‌ನ ಇಕೋ ಮೋಡ್, ಅಂದರೆ ಪ್ರೊಸೆಸರ್ ಎಳೆಯುವ ವಿದ್ಯುತ್ತಿಗೆ ಮಿತಿ ಹಾಕುವ ಸೆಟ್ಟಿಂಗ್. 105 ವ್ಯಾಟ್ ಇಕೋ ಮೋಡ್ ಆರಿಸಿದರೆ, ಹೆಸರಲ್ಲಿ 105 ಇದ್ದರೂ ನಿಜವಾದ ಮಿತಿ 142 ವ್ಯಾಟ್, ಪ್ರೊಸೆಸರ್ ಅದನ್ನು ಮೀರಿ ಎಳೆಯುವುದಿಲ್ಲ. ರೆಂಡರ್ ತುಸುವೇ ನಿಧಾನವಾಯಿತು, 95 ಡಿಗ್ರಿಯ ಹತ್ತಿರಕ್ಕೂ ಅದು ಹೋಗಲಿಲ್ಲ, ಫ್ಯಾನುಗಳು ತೆಪ್ಪಗಾದವು. ಏರ್ ಕೂಲರ್ ಸಾಕು ಅಂತ ನಾನು ನಿರ್ಧರಿಸಿದ್ದು ಆಗಲೇ. ಗೇಮ್‌ಗೆ ಅಂತಲೇ ರೈಜೆನ್ 7 7800ಎಕ್ಸ್3ಡಿ ಹಾಕುವವರಿಗಂತೂ ಡಿ15 ಕೂಡ ಹೆಚ್ಚೇ. ಗೇಮ್ ಆಡುವಾಗ ಅದು 100 ವ್ಯಾಟ್ ಕೂಡ ಎಳೆಯುವುದಿಲ್ಲ, 120 ಮಿ.ಮೀ. ಫ್ಯಾನಿನ ಒಂಟಿ ಟವರಿನ ಚಿಕ್ಕ ಏರ್ ಕೂಲರೇ ಆರಾಮಾಗಿ ನಿಭಾಯಿಸುತ್ತದೆ.

ಲಿಕ್ವಿಡ್ ಯಾರಿಗೆ? ವ್ಯಾಟ್ ಮಿತಿ ಇಳಿಸದೆ ಗಂಟೆಗಟ್ಟಲೆ ರೆಂಡರ್ ಮಾಡುವವರಿಗೆ. 253 ವ್ಯಾಟ್ ಎಳೆಯುವ ಇಂಟೆಲ್ ಕೋರ್ ಐ9-13900ಕೆ ಇರುವವರಿಗೆ. ಡಿ15ರ ಎತ್ತರ ಹಿಡಿಯದ ಕ್ಯಾಬಿನೆಟ್ ಇರುವವರಿಗೆ. ಕಂಪ್ಯೂಟರನ್ನು ಆಗಾಗ ಹೊತ್ತು ಓಡಾಡುವವರಿಗೂ ಅದೇ ವಾಸಿ, ಮದರ್‌ಬೋರ್ಡಿಗೆ 1.3 ಕಿಲೋ ನೇತುಹಾಕಿಕೊಂಡು ಪ್ರಯಾಣ ಮಾಡುವುದು ಒಳ್ಳೆಯದಲ್ಲ. ಏರ್ ಕೂಲರ್ ಇದ್ದೂ ಸಾಗಿಸಲೇಬೇಕಾದರೆ ಕ್ಯಾಬಿನೆಟ್ಟನ್ನು ಮದರ್‌ಬೋರ್ಡ್ ಕೆಳಗೆ ಬರುವಂತೆ ಮಲಗಿಸಿ ಒಯ್ಯಿರಿ, ಇಲ್ಲವಾದರೆ ಕೂಲರನ್ನೇ ಬಿಚ್ಚಿಡಿ.